ಕೂತಲ್ಲೇ ದಿನ ಮುಗಿಯದಿರಲಿ

ಶಿರಸಿಯಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ಆಡಿದ ಮಾತುಗಳಿವು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆನ್ನುಹುರಿಗೆ ಪೆಟ್ಟಾದವರ ಮನೆಗೆ ಹೋದಾಗ "ವ್ಯಾಯಾಮ ಮಾಡ್ತೀರಾ?" ಎಂದು ನಾನು ಮೊದಲು ಕೇಳುವುದಿಲ್ಲ. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗುವ ತನಕ ಏನೇನಾಯ್ತು, ಒಂದೊಂದಾಗಿ ಹೇಳಿ" ಎನ್ನುತ್ತೇನೆ. ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ ಥರ. ಏಳು ಗಂಟೆಗೆ ಎಬ್ಬಿಸಿದರು, ಮುಖ ತೊಳೆಸಿದರು, ಮಂಚದ ಮೇಲೇ ಚಾ ಕೊಟ್ಟರು. ಸ್ನಾನ ಮಾಡಿಸಿ ವೀಲ್‌ಚೇರ್‌ಗೆ ಕೂರಿಸಿದರು. ಅರ್ಧ ತಾಸು ಕೈ ವ್ಯಾಯಾಮ. ಆಮೇಲೆ ಟಿವಿ, ಊಟ, ಮೊಬೈಲು, ಸಂಜೆ ಯಾರಾದರೂ ಬಂದರೆ ಒಂದಿಷ್ಟು ಮಾತು, ಮತ್ತೆ ಊಟ, ನಿದ್ದೆ. ಆ ಅರ್ಧ ತಾಸು ವ್ಯಾಯಾಮದ ಬಗ್ಗೆ ಆಸ್ಪತ್ರೆಯಲ್ಲಿ ಹೇಳಿ ಕಳಿಸಿರುತ್ತಾರೆ, ಕಾಗದದಲ್ಲಿ ಚಿತ್ರ ಬಿಡಿಸಿಯೂ ಕೊಟ್ಟಿರುತ್ತಾರೆ. ಎಚ್ಚರವಿರುವ ಉಳಿದ ಹದಿನಾಲ್ಕು ಹದಿನೈದು ತಾಸು ಹೇಗೆ ಕಳೆಯಬೇಕು ಎಂದು ಯಾರೂ ಹೇಳಿರುವುದಿಲ್ಲ. ಇವತ್ತು ನಾನು ಮಾತಾಡುವುದು ಆ ತಾಸುಗಳ ಬಗ್ಗೆ.

ನಮ್ಮ ಜಿಲ್ಲೆಯಲ್ಲಿ ಈ ಪೆಟ್ಟು ಯಾರಿಗೆ ಆಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಘಟ್ಟದ ಮೇಲೆ ಅಡಿಕೆ ಮರ ಹತ್ತುವವರು: ಕೊನೆ, ಅಂದರೆ ಅಡಿಕೆ ಗೊನೆ ಕೊಯ್ಯುವಾಗ, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಜಾರಿ ಬಿದ್ದವರು. ಕರಾವಳಿಯಲ್ಲಿ ತೆಂಗಿನ ಮರದಿಂದ ಬಿದ್ದವರು, ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರು. ಬಹುಪಾಲು ದುಡಿಯುವ ವಯಸ್ಸಿನ ಗಂಡಸರು. ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ದಾಟುತ್ತಿದ್ದ ಕೊನೆಗೌಡ, ಬೆಳಗಿನ ಜಾವ ದೋಣಿಗೆ ಹೋಗುತ್ತಿದ್ದ ಮೀನುಗಾರ. ಆಪರೇಷನ್ನಿಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಪುನರ್ವಸತಿಯ ಭಾರವೆಲ್ಲ ಹೆಂಡತಿ, ತಾಯಿ, ಅಣ್ಣತಮ್ಮಂದಿರ ಮೇಲೆ ಬೀಳುತ್ತದೆ. ದಿನಕ್ಕೆ ಹತ್ತು ತಾಸು ಮೈ ಬಗ್ಗಿಸುತ್ತಿದ್ದ ದೇಹ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಬೇರೆಯವರಿಗೆ ವರ್ಷಗಟ್ಟಲೆ ನಿಧಾನವಾಗಿ ಬರುವ ಜಡತನ ಇವರಿಗೆ ಬಿದ್ದ ದಿನವೇ ಬಂದುಬಿಡುತ್ತದೆ.

ಒಳಗೆ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ತಿಳಿದರೆ ಮುಂದಿನ ಮಾತು ಸುಲಭ.

ಮೈಯಲ್ಲಿ ಅತಿ ದೊಡ್ಡ ಸ್ನಾಯುಗಳು ಇರುವುದು ತೊಡೆಯಲ್ಲಿ, ಪಿರ್ರೆಯಲ್ಲಿ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಸ್ನಾಯುಗಳೇ ಎಳೆದುಕೊಳ್ಳುತ್ತವೆ. ಕಾಲಿನ ಸ್ನಾಯು ಬತ್ತಿದಾಗ ಆ ಸಕ್ಕರೆ ಹೋಗುವ ಜಾಗ ಕಡಿಮೆಯಾಗುತ್ತದೆ, ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಸುಮ್ಮನೆ ಕೂತಾಗ ಸಾಮಾನ್ಯ ವಯಸ್ಕರ ದೇಹ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿ.ಲೀ. ಆಮ್ಲಜನಕ ಬಳಸುತ್ತದೆ ಎಂದು ಲೆಕ್ಕ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅದು ಸುಮಾರು 2.7 ಮಾತ್ರ. ಅಂದರೆ ಮೊದಲಿನಷ್ಟೇ ಉಂಡರೂ ಖರ್ಚು ಕಡಿಮೆ. ಹಾಗಾಗಿ ತೂಕದ ಅಳತೆಗೋಲೂ ಬದಲಾಗುತ್ತದೆ. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಇವರಲ್ಲಿ 22 ಮುಟ್ಟಿದರೇ ಬೊಜ್ಜು ಎಂದು ತಿಳಿಯಬೇಕು. 5 ಅಡಿ 5 ಇಂಚಿನವರಿಗೆ ಅದು ಸುಮಾರು 60 ಕೆ.ಜಿ. ಕಾಲು ಸಣ್ಣಗಾಗಿರುವುದರಿಂದ ನೋಡಲು ಸಪೂರವಾಗಿಯೇ ಕಾಣುತ್ತಾರೆ. "ಬಡಕಲಾಗಿದ್ದಾನೆ, ಇನ್ನೊಂದು ಚೂರು ಬಡಿಸು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಆ ಮನೆಯಲ್ಲೇ ನಾಲ್ಕು ವರ್ಷದ ಮೇಲೆ ಶುಗರ್ ಮಾತ್ರೆ ಶುರುವಾಗಿರುತ್ತದೆ.

ಕೂತಿರುವುದು ನಿಮ್ಮ ತಪ್ಪಲ್ಲ, ಕೂತೇ ಇರಬೇಕಾದವರಿಗೆ "ಎದ್ದು ಓಡಾಡಿ" ಎಂದು ಹೇಳುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಂಗವಿಕಲತೆ ಇರುವವರ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಕೂತುಕೊಂಡೇ, ಮಲಗಿಕೊಂಡೇ ಚಟುವಟಿಕೆಯಿಂದ ಇರಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಜಡತನವನ್ನು ಅಳೆಯುವುದು ಭಂಗಿಯೊಂದರಿಂದ ಅಲ್ಲ, ಆ ಭಂಗಿಯಲ್ಲಿ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂಬುದರಿಂದ. ವೀಲ್‌ಚೇರ್‌ನಲ್ಲಿ ಕೂತು ಗಾಲಿ ತಿರುಗಿಸುವವರು ಜಡರಲ್ಲ. ಅದೇ ಕುರ್ಚಿಯಲ್ಲಿ ಮೂರು ತಾಸು ಮೊಬೈಲ್ ನೋಡುತ್ತಿದ್ದರೆ, ಆ ಮೂರು ತಾಸು ಜಡ.

ಕೂತಲ್ಲೇ ಕೈ ಆಡಿಸಿದರೆ ಏನು ಮಹಾ ಆಗುತ್ತದೆ ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬೊಜ್ಜು ಇರುವವರನ್ನು ದಿನವಿಡೀ ಕುರ್ಚಿಯಲ್ಲೇ ಕೂರಿಸಿ, ಪ್ರತಿ 30 ನಿಮಿಷಕ್ಕೊಮ್ಮೆ 5 ನಿಮಿಷ ಕೈಯಿಂದ ಪೆಡಲ್ ತಿರುಗಿಸಲು ಹೇಳಿದರು. ಊಟದ ನಂತರದ ಸಕ್ಕರೆ, ಇನ್ಸುಲಿನ್ ಎರಡೂ ಸುಮ್ಮನೆ ಕೂತ ದಿನಕ್ಕಿಂತ ಸಾಕಷ್ಟು ಕೆಳಗೆ ಬಂದವು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಯಾರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅದಾದ ಮೇಲೆ ಬ್ರಿಟನ್ನಿನಲ್ಲೇ, ಸೊಂಟದ ಕೆಳಗೆ ಸ್ವಾಧೀನವಿಲ್ಲದ ಕೆಲವರನ್ನೇ ಸೇರಿಸಿ, 20 ನಿಮಿಷಕ್ಕೊಮ್ಮೆ 2 ನಿಮಿಷ ಕೈಪೆಡಲ್ ಮಾಡಿಸಿದಾಗ ಮಧ್ಯಾಹ್ನದ ಊಟದ ನಂತರದ ಸಕ್ಕರೆ ಕಡಿಮೆಯಾಯಿತು. ಅದು ಸಣ್ಣ ಅಧ್ಯಯನ, ಒಂದೆರಡು ದಿನದ ಲೆಕ್ಕ. ಅದರಿಂದ ಹೃದಯಾಘಾತ ತಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ದಾರಿ ಯಾವ ಕಡೆಗಿದೆ ಎಂದು ತೋರಿಸಲು ಅಷ್ಟು ಸಾಕು.

ಇನ್ನು ವ್ಯಾಯಾಮದ ಪ್ರಮಾಣ. ಬೆನ್ನುಹುರಿ ಪೆಟ್ಟಾದವರಿಗೆಂದೇ ಅಂತರರಾಷ್ಟ್ರೀಯ ತಜ್ಞರು ಸೇರಿ ಮಾಡಿದ ಮಾರ್ಗಸೂಚಿ 2018ರಲ್ಲಿ ಪ್ರಕಟವಾಗಿದೆ. ದಮ್ಮು ಮತ್ತು ಸ್ನಾಯುಬಲಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ ಕನಿಷ್ಠ 20 ನಿಮಿಷ ಉಸಿರು ಏರುವಂಥ ಕೆಲಸ. ಜೊತೆಗೆ ಸ್ವಾಧೀನದಲ್ಲಿರುವ ದೊಡ್ಡ ಸ್ನಾಯುಗಳಿಗೆ ವಾರಕ್ಕೆ ಎರಡು ಸಲ ಭಾರದ ವ್ಯಾಯಾಮ. ಶುಗರ್, ಹೃದಯದ ಆರೋಗ್ಯಕ್ಕಾದರೆ ವಾರಕ್ಕೆ ಮೂರು ಸಲ, ಸಲಕ್ಕೆ 30 ನಿಮಿಷ. ಇಷ್ಟೇ. ಮಾತಾಡಲು ಬರಬೇಕು, ಹಾಡು ಹೇಳಲು ಬರಬಾರದು, ಅಷ್ಟು ಉಸಿರು ಏರಬೇಕು. ಬೆನ್ನೆಲುಬಿನಲ್ಲಿ ಎದೆಯ ಭಾಗದ ಆರನೇ ಮೂಳೆ, ಅಂದರೆ ಟಿ6ಕ್ಕಿಂತ ಮೇಲೆ ಪೆಟ್ಟಾದವರು ನಾಡಿ ಎಣಿಸಿ ಪ್ರಯೋಜನವಿಲ್ಲ. ಹೃದಯದ ವೇಗ ಏರಿಸುವ ನರಗಳೇ ಪೆಟ್ಟಿನ ಕೆಳಗೆ ಉಳಿದಿರುತ್ತವೆ. ಉಸಿರನ್ನೇ ನೋಡಬೇಕು.

ಈಗ ಮನೆಯ ವಿಷಯ. ಇಲ್ಲಿ ಹೇಳುವ ಮಾತು ಕೆಲವರಿಗೆ ಬೇಸರವಾದೀತು, ಆದರೂ ಹೇಳಲೇಬೇಕು. ಬಿದ್ದವರ ಕೈಯಿಂದ ಕೆಲಸ ಕಸಿಯುವುದು ಪ್ರೀತಿಯೇ. "ನೀ ಕುತ್ಗ ತಮಾ, ಆನು ತಂದ್ಕೊಡ್ತಿ" ಎಂದು ಅಮ್ಮ ಹೇಳುತ್ತಾಳೆ. ಕುಮಟೆಯ ಕಡೆ "ನೀ ಕೂತ್ಕ, ನಾ ತಂದ್ಕೊಡ್ತೆ" ಎಂದು ಹೆಂಡತಿ ಹೇಳುತ್ತಾಳೆ. ನೀರಿನ ಚೊಂಬು, ಕವಳದ (ಎಲೆಅಡಿಕೆಯ) ಬಟ್ಟಲು, ಪೇಪರ್, ಚಾರ್ಜರ್, ಎಲ್ಲವೂ ಕೈಗೆ ಬರುತ್ತದೆ. ಮೊದಲ ಕೆಲವು ತಿಂಗಳು ಇದು ಬೇಕು. ಆಮೇಲೂ ಹೀಗೇ ನಡೆದರೆ ಗಾಲಿ ತಿರುಗಿಸುವ ಒಂದೊಂದು ಕಾರಣವೂ ಮನೆಯಿಂದ ಮಾಯವಾಗುತ್ತದೆ.

ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದ ಯುವಕ. ಅವನ ಅತ್ತಿಗೆ ಒಂದು ನಿಯಮ ಮಾಡಿದ್ದರು: ಚಾ ಅಡುಗೆಮನೆಯಲ್ಲಿ ಸಿಗುತ್ತದೆ, ನೀರು ನಡುಮನೆಯ ಮೂಲೆಯ ಕೊಡದಲ್ಲಿ ಇರುತ್ತದೆ, ಮೊಬೈಲ್ ಚಾರ್ಜರ್ ಜಗಲಿಯ ತುದಿಯಲ್ಲಿ ಇರುತ್ತದೆ. ಕವಳದ ಸಂಚಿ ಇನ್ನೊಂದು ತುದಿಯಲ್ಲಿ. ಯಾವುದನ್ನೂ ಎತ್ತರದಲ್ಲಿ ಇಟ್ಟಿರಲಿಲ್ಲ, ಎಲ್ಲ ಅವನ ಕೈಗೆಟುಕುವ ಎತ್ತರವೇ. ಕಷ್ಟ ಕೊಡುವ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ದೂರ ಮಾತ್ರ ಇತ್ತು. ಅಡುಗೆಮನೆಗೆ ಹೋಗಲು ಒಂದು ಹೊಸ್ತಿಲು ಅಡ್ಡ. ಹೊಸ್ತಿಲು ಕಡಿಯಲು ಮನೆಯ ಹಿರಿಯರಿಗೆ ಮನಸ್ಸಿಲ್ಲ, ದಿನಾ ಹೂವಿಟ್ಟು ಪೂಜೆ ಮಾಡುವ ಜಾಗ. ಆಚಾರಿ ಬಂದು ಹೊಸ್ತಿಲನ್ನು ಮುಟ್ಟದೆ ಎರಡೂ ಕಡೆ ಹಲಗೆಯ ಇಳಿಜಾರು ಮಾಡಿಕೊಟ್ಟರು. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ. 3 ಇಂಚಿನ ಹೊಸ್ತಿಲಿಗೆ ಎರಡೂ ಕಡೆ ಮೂರು ಮೂರು ಅಡಿ ಹಲಗೆ. ಮೇಲೆ ಜಾರದ ಹಾಗೆ ಹಳೆಯ ಸೈಕಲ್ ಟಯರಿನ ಪಟ್ಟಿ ಹೊಡೆದಿದ್ದರು. ಹೊಸ್ತಿಲಿಗೆ ಹೂವು ಇಡುವುದೂ ನಿಲ್ಲಲಿಲ್ಲ, ಅವನು ಅಡುಗೆಮನೆಗೆ ಹೋಗುವುದೂ ತಪ್ಪಲಿಲ್ಲ. ಆ ಅತ್ತಿಗೆಯ ಬುದ್ಧಿಗೆ ನಾನು ಕೈಮುಗಿದಿದ್ದೇನೆ.

ಮಳೆಗಾಲ ನಮ್ಮ ದೊಡ್ಡ ಸಮಸ್ಯೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳ ಪಾಚಿ, ದಾರಿ ಕೆಸರು. ಹಳ್ಳದ ಆಚೆ ಮನೆಯಿದ್ದರೆ ಕಾಲುಸಂಕದ ಮೇಲೆ ಕುರ್ಚಿ ದಾಟಿಸುವ ಮಾತೇ ಇಲ್ಲ. ಬೇಸಿಗೆಯಲ್ಲಿ ರಸ್ತೆಯ ತನಕ ಹೋಗಿ ಬರುತ್ತಿದ್ದವರು ಆ ನಾಲ್ಕು ತಿಂಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತಾರೆ. ಆದರೆ ನಮ್ಮ ಕಡೆಯ ಮನೆಗಳಿಗೆ ಜಗಲಿ ಇದೆ. 30 ಅಡಿ ಉದ್ದದ ಜಗಲಿಯಲ್ಲಿ ಒಮ್ಮೆ ಹೋಗಿ ಬಂದರೆ 60 ಅಡಿ. ತಾಸಿಗೊಮ್ಮೆ ಐದು ಸುತ್ತು ಹೊಡೆದರೆ 300 ಅಡಿ. ಹಗಲಿನಲ್ಲಿ ಹತ್ತು ತಾಸು ಹೀಗೆ ಮಾಡಿದರೆ 3,000 ಅಡಿ, ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮನೆಯಿಂದ ಹೊರಗೆ ಹೋಗದೆ, ಒಂದು ಹನಿ ಮಳೆ ಬೀಳದೆ. ಜಗಲಿಯ ಮೇಲೆ ಪೇರಿಸಿಟ್ಟ ಅಡಿಕೆ ಚೀಲ, ಬೈಕು, ಮುರಿದ ಮೇಜು ಇವನ್ನು ಬೇರೆ ಕಡೆ ಇಡಬೇಕು, ಅಷ್ಟೆ. ಕರಾವಳಿಯ ಸಣ್ಣ ಮನೆಗಳಲ್ಲಿ ಜಗಲಿ ಇಷ್ಟು ಉದ್ದ ಇರುವುದಿಲ್ಲ. ಅಲ್ಲಿ ತೊಲೆಗೆ ಒಂದು ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ನೀರು ತುಂಬಿದ ಕ್ಯಾನ್ ಕಟ್ಟಿ, ಇನ್ನೊಂದು ತುದಿ ಹಿಡಿದು ಎಳೆಯುವುದು. ಒಂದು ಲೀಟರ್ ನೀರು ಒಂದು ಕೆ.ಜಿ., ಹೆಚ್ಚು ಕಡಿಮೆ ಮಾಡುವುದು ಸುಲಭ. ಎಳೆಯುವ ಮುಂಚೆ ಬ್ರೇಕ್ ಹಾಕಿ, ಎದೆಗೆ ಬೆಲ್ಟ್ ಬೇಕಾದವರು ಕಟ್ಟಿಕೊಳ್ಳಿ.

ಕೈಕೆಲಸದ ಬಗ್ಗೆ ಒಂದು ಮಾತು. ಅಡಿಕೆ ಸುಲಿಯುವುದು, ಅಡಿಕೆ ಆರಿಸುವುದು, ಬಲೆ ಹೆಣೆಯುವುದು, ಮಲ್ಲಿಗೆ ಕಟ್ಟುವುದು, ಇವೆಲ್ಲ ಕೂತು ಮಾಡುವ ಕೆಲಸಗಳು. ಇವುಗಳಿಂದ ಸಂಪಾದನೆಯಾಗುತ್ತದೆ, ನಾಲ್ಕು ಜನರ ಜೊತೆ ಮಾತಾಗುತ್ತದೆ, ಮನಸ್ಸು ಹಗುರವಾಗುತ್ತದೆ. ಖಂಡಿತ ಮಾಡಿ. ಆದರೆ ದೇಹದ ಲೆಕ್ಕದಲ್ಲಿ ಇವು ಬೆರಳಿನ ಕೆಲಸ. ಮೂರು ತಾಸು ಬಲೆ ಹೆಣೆದರೂ ಉಸಿರು ಏರುವುದಿಲ್ಲ. ಹಾಗಾಗಿ ಕೆಲಸದ ಸಾಮಾನನ್ನು ಒಂದೇ ಕಡೆ ಗುಡ್ಡೆ ಹಾಕಿಕೊಳ್ಳಬೇಡಿ. ಅಡಿಕೆ ಬುಟ್ಟಿ ಜಗಲಿಯ ಒಂದು ಕಡೆ, ಆರಿಸಿದ್ದನ್ನು ಸುರಿಯುವ ಜಾಗ ಇನ್ನೊಂದು ಕಡೆ ಇರಲಿ. ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೋಗಿ ಸುರಿದು ಬನ್ನಿ. ಇನ್ನೊಂದು ಎಚ್ಚರಿಕೆ: ನೆಲದ ಮೇಲೆ ಮಣೆ ಹಾಕಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಹೋಗಬೇಡಿ. ಪಿರ್ರೆಯ ಮೂಳೆಗೆ ಮಣೆ ಒತ್ತಿದ್ದು ನಿಮಗೆ ಗೊತ್ತಾಗುವುದಿಲ್ಲ, ಕತ್ತಿ ಕಾಲಿಗೆ ತಾಗಿದ್ದೂ ಗೊತ್ತಾಗುವುದಿಲ್ಲ. ಕತ್ತಿಯನ್ನು ಮೇಜಿಗೆ ಬಿಗಿದು, ಕುರ್ಚಿಯಲ್ಲೇ ದಿಂಬಿನ ಮೇಲೆ ಕೂತು ಸುಲಿಯಿರಿ. ಅಡಿಕೆ ಬೇಯಿಸುವ ಹಂಡೆಯಿಂದ ಪಾದ ದೂರ ಇರಲಿ. ಬೆಂಕಿಯ ಬಿಸಿ ತಿಳಿಯದೆ ಪಾದ ಸುಟ್ಟುಕೊಂಡವರಿದ್ದಾರೆ.

ಒತ್ತಡದ ಹುಣ್ಣಿನ ಬಗ್ಗೆ ಇಲ್ಲಿರುವ ಎಲ್ಲರಿಗೂ ಗೊತ್ತು. ಅದರ ನಿಯಮವನ್ನೂ ಈ ವಿಷಯವನ್ನೂ ಒಟ್ಟಿಗೆ ಗಂಟು ಹಾಕಿಬಿಡಿ ಎಂಬುದು ನನ್ನ ಸಲಹೆ. ಕುರ್ಚಿಯಲ್ಲಿದ್ದಾಗ 15ರಿಂದ 30 ನಿಮಿಷಕ್ಕೊಮ್ಮೆ ಮೂಳೆಯ ಮೇಲಿನ ಭಾರ ಇಳಿಸಬೇಕು. ಕೈಯೂರಿ ಮೈ ಎತ್ತುವುದನ್ನು ಹಿಂದೆ ಕಲಿಸುತ್ತಿದ್ದರು. ಹಾಗೆ ಎತ್ತಿದರೆ ಕೆಲವೇ ಸೆಕೆಂಡು ನಿಲ್ಲಬಹುದು, ಚರ್ಮಕ್ಕೆ ರಕ್ತ ಪೂರ್ತಿ ಮರಳಲು ಅದು ಸಾಲದು, ಭುಜವೂ ಸವೆಯುತ್ತದೆ. ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಕಡೆ ತಂದು, ಅಥವಾ ಮೇಜಿನ ಮೇಲೆ ಮೊಣಕೈ ಊರಿ, ಸುಮಾರು 2 ನಿಮಿಷ ಹಾಗೇ ಇರಿ. ಬೇಕಾದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ. ಅದು ಮುಗಿದ ಕೂಡಲೇ 2 ನಿಮಿಷ ಜಗಲಿ ಸುತ್ತಿ. ಟಿವಿ ನೋಡುವವರಿಗೆ ಜಾಹೀರಾತೇ ಗಂಟೆ. ಮೊಬೈಲ್ ನೋಡುವವರು ಅದರಲ್ಲೇ ಅಲಾರಾಂ ಇಡಿ.

ಇನ್ನು ಭುಜ. ಇದನ್ನು ಹೇಳದೆ "ಹೆಚ್ಚು ಓಡಾಡಿ" ಎಂದು ಹೇಳಿ ಹೋದರೆ ನಾನು ನಿಮಗೆ ಕೆಡುಕು ಮಾಡಿದ ಹಾಗೆ. ಭುಜದ ಕೀಲು ದೇವರು ಕೊಟ್ಟದ್ದು ಕೈ ಚಾಚಲು, ಎತ್ತಲು. ನಿಮಗೆ ಅದೇ ಕಾಲಿನ ಕೆಲಸವನ್ನೂ ಮಾಡುತ್ತದೆ: ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಇಡೀ ಮೈಯ ಭಾರ ಅದರ ಮೇಲೆ. ಭುಜ ನೋವು ಬಂದರೆ ಮತ್ತೆ ಹಾಸಿಗೆಗೇ ಹೋಗಬೇಕು, ಮತ್ತೆ ಜಡತನ. ಆದ್ದರಿಂದ ಚಲನೆ ಹೆಚ್ಚಬೇಕು, ಭುಜದ ಸವೆತ ಹೆಚ್ಚಬಾರದು. ಎರಡನ್ನೂ ಒಟ್ಟಿಗೆ ಸಾಧಿಸಲು ದಾರಿಯಿದೆ.

ಒಂದು, ಗಾಲಿ ತಳ್ಳುವ ರೀತಿ. ಪಟಪಟ ಎಂದು ಚಿಕ್ಕ ಚಿಕ್ಕದಾಗಿ ತಳ್ಳಬೇಡಿ. ಕೈಯನ್ನು ಹಿಂದಿನಿಂದ ತೆಗೆದುಕೊಂಡು ಉದ್ದಕ್ಕೆ ಒಂದೇ ಸಮ ತಳ್ಳಿ ಬಿಟ್ಟುಬಿಡಿ. ಮರಳುವಾಗ ಕೈ ರಿಮ್ಮಿನ (ಗಾಲಿಯನ್ನು ಕೈಯಿಂದ ತಳ್ಳುವ ಬಳೆಯ) ಕೆಳಗಿನಿಂದ ತೂಗಿಕೊಂಡು ಹಿಂದೆ ಬರಲಿ. ಕಡಿಮೆ ಸಲ ತಳ್ಳಿ ಅದೇ ದೂರ ಹೋಗುತ್ತೀರಿ.

ಎರಡು, ಕುರ್ಚಿಯೇ. ಉಚಿತವಾಗಿ ಸಿಗುವ ಮಡಚುವ ಕುರ್ಚಿಗಳು ಬಹಳ ಭಾರ, ಹೆಚ್ಚಿನವು 18, 20 ಕೆ.ಜಿ. ತೂಗುತ್ತವೆ. ಹಿಂಬದಿಯ ಗಾಲಿಯ ಅಚ್ಚು ಮೈಗಿಂತ ಹಿಂದೆ ಇರುತ್ತದೆ, ಕೈಯನ್ನು ಹಿಂದಕ್ಕೆ ತಿರುಚಿ ತಳ್ಳಬೇಕು. ಅಚ್ಚು ಸರಿಸಲು ಬರುವ ಕುರ್ಚಿಯಾದರೆ, ಹಿಂದಕ್ಕೆ ಮಗುಚದಷ್ಟು ಮಾತ್ರ ಅಚ್ಚನ್ನು ಮುಂದೆ ತಂದುಕೊಳ್ಳಿ. ರಿಮ್ಮಿನ ಮೇಲ್ತುದಿಯಲ್ಲಿ ಕೈ ಇಟ್ಟಾಗ ಮೊಣಕೈಯ ಕೋನ 100ರಿಂದ 120 ಡಿಗ್ರಿ ಇರಬೇಕು, ಅಂದರೆ ನೆಟ್ಟಗಲ್ಲ, ಲಂಬಕೋನಕ್ಕಿಂತ ಸ್ವಲ್ಪ ಬಿಚ್ಚಿದಷ್ಟು. ಕಾರವಾರ, ಅಂಕೋಲಾ ಕಡೆಯಿಂದ ಬಂದವರಿಗೆ ಒಂದು ವಿಶೇಷ ಮಾತು: ಉಪ್ಪುಗಾಳಿಗೆ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಕುರ್ಚಿಯನ್ನು ಒಂದು ಕಡೆ ಎತ್ತಿ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಸದ್ದಿಲ್ಲದೆ ಬಹಳ ಹೊತ್ತು ತಿರುಗಬೇಕು. ಕರಕರ ಎಂದು ಎರಡು ಸುತ್ತಿಗೆ ನಿಂತರೆ, ಆ ಬಿಗಿಯನ್ನೆಲ್ಲ ದಿನವಿಡೀ ನಿಮ್ಮ ಭುಜ ಎಳೆಯುತ್ತಿದೆ ಎಂದು ಅರ್ಥ. ಸೈಕಲ್ ಅಂಗಡಿಯಲ್ಲೇ ಬೇರಿಂಗ್ ಬದಲಿಸಿಕೊಡುತ್ತಾರೆ. ಗಾಳಿ ತುಂಬುವ ಟಯರ್ ಇದ್ದರೆ ವಾರಕ್ಕೊಮ್ಮೆ ಗಾಳಿ ನೋಡಿ. ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗುವ ಆಸೆಯಿದ್ದರೆ, ಇಳಿತದ ಹೊತ್ತಿಗೆ ನೀರಿನ ಅಂಚಿನ ಹಸಿ ಮರಳು ಗಟ್ಟಿ ಇರುತ್ತದೆ, ಒಣ ಮರಳು ದಾಟಿಸಲು ಇಬ್ಬರು ಜೊತೆಗಿದ್ದರೆ ಅಲ್ಲಿ ಗಾಲಿ ಹೋಗುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಗಾಲಿ ತೊಳೆದು ಒರೆಸಿ ಎಣ್ಣೆ ಬಿಡಿ.

ಮೂರು, ಎಳೆಯುವ ವ್ಯಾಯಾಮ. ದಿನವಿಡೀ ಮುಂದಕ್ಕೆ ತಳ್ಳುವುದರಿಂದ ಎದೆಯ ಸ್ನಾಯು ಬಿಗಿಯಾಗಿ ಭುಜ ಮುಂದೆ ಬಾಗುತ್ತದೆ. ಕಿಟಕಿಯ ಸರಳಿಗೆ ಹಳೆಯ ಸೈಕಲ್ ಟ್ಯೂಬ್ ಕಟ್ಟಿ, ದೋಣಿಯ ಹುಟ್ಟು ಎಳೆದ ಹಾಗೆ ಮೊಣಕೈ ಹಿಂದೆ ಬರುವಂತೆ ಎಳೆಯಿರಿ. ಬೆನ್ನಿನ ಎರಡು ರೆಕ್ಕೆಮೂಳೆ ಹತ್ತಿರ ಬರಬೇಕು. ಹತ್ತು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು, ಮತ್ತೆ ಹತ್ತು. ವಾರಕ್ಕೆ ಎರಡು ದಿನ ಸಾಕು.

ಟಿ6 ಮತ್ತು ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರು ಇದನ್ನು ಬರೆದಿಟ್ಟುಕೊಳ್ಳಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಪೆಟ್ಟಿನ ಮೇಲಿನ ಭಾಗದಲ್ಲಿ ಬೆವರು, ಬಿಪಿ ಏರಿಕೆ ಕಂಡರೆ ಅದು ತುರ್ತು ಸ್ಥಿತಿ. ಕೆಳಗಿನ ಮೈಯಲ್ಲಿ ಏನೋ ತೊಂದರೆಯಿದೆ, ಹೆಚ್ಚಾಗಿ ತುಂಬಿದ ಮೂತ್ರಕೋಶ ಅಥವಾ ಮಡಚಿಹೋದ ಮೂತ್ರದ ಕ್ಯಾತಿಟರ್ ನಳಿಗೆ. ಮಲಬದ್ಧತೆ, ಹುಣ್ಣು, ಬಿಗಿಯಾದ ಬೆಲ್ಟ್ ಕೂಡ ಇರಬಹುದು. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರ ಹೋಗುವ ಹಾಗೆ ಮಾಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ವ್ಯಾಯಾಮಕ್ಕೆ ಮುಂಚೆ ಮೂತ್ರ ಖಾಲಿ ಮಾಡಿಸುವುದು ಇದಕ್ಕೇ. ಇವರಿಗೆ ಪೆಟ್ಟಿನ ಕೆಳಗೆ ಬೆವರುವುದಿಲ್ಲ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಮೈ ಬಿಸಿ ಬೇಗ ಏರುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ.

ಬೆನ್ನುಹುರಿ ಪೆಟ್ಟಾದವರು ಬೇಗ ಸಾಯುತ್ತಾರೆ ಎಂದು ವೈದ್ಯರೇ ಕೈಚೆಲ್ಲುತ್ತಿದ್ದ ಕಾಲವಿತ್ತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಬೆನ್ನುಹುರಿ ವಿಭಾಗ ಶುರುಮಾಡಿ, ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ, ಆಟಕ್ಕೆ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಅಲ್ಲಿ 16 ಮಂದಿ ವೀಲ್‌ಚೇರ್‌ನಲ್ಲಿ ಕೂತು ಬಿಲ್ಲು ಹಿಡಿದರು. ಪ್ಯಾರಾಲಿಂಪಿಕ್ಸಿನ ಮೂಲ ಅದು. ನಮ್ಮ ದೇಶದಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರಲ್ಲಿ ಅಪಘಾತದಿಂದ ಕಾಲಿನ ಸ್ವಾಧೀನ ಕಳೆದುಕೊಂಡರು. ಆಮೇಲೆ ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲೇ ಪುನರ್ವಸತಿ ಕೇಂದ್ರ ಕಟ್ಟಿದರು. ಅವರ ಕೈಗೆ ಕೆಲಸ ಕೊಡಲು ಅಲ್ಲಿ ಜನರಿದ್ದರು ಎಂಬುದನ್ನು ಮನೆಯವರು ಗಮನಿಸಬೇಕು.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ನಮ್ಮ ಮಾಣಿಗೆ ಕುತ್ತಿಗೆಯಲ್ಲೇ ಪೆಟ್ಟಾದ್ದು. ಬೆರಳು ಆಡ್ತಿಲ್ಲೆ. ಅವ ಎಂತ ಮಾಡ್ಲಕ್ಕು?"

ಅಮ್ಮಾ, ಮೊಣಕೈ ಮಡಚಲು ಬಂದರೆ ಅಲ್ಲಿಂದ ಶುರುಮಾಡಬಹುದು. ಅಂಗೈಗೆ ಒಂದು ಪಟ್ಟಿ ಹೊಲಿದು ಅದರಲ್ಲಿ ಚಮಚ ಅಥವಾ ಬ್ರಷ್ ಸಿಕ್ಕಿಸಿ. ಊಟದ ಮೊದಲ ನಾಲ್ಕು ತುತ್ತು ಅವನೇ ತಿನ್ನಲಿ, ಸುಸ್ತಾದ ಮೇಲೆ ನೀವು ತಿನ್ನಿಸಿ. ಗಾಲಿಯ ರಿಮ್ಮಿಗೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದರೆ ಹಿಡಿಯಲು ಬಾರದ ಅಂಗೈಯಿಂದಲೂ ಒತ್ತಿ ತಳ್ಳಬಹುದು. ಮೊದಲು ನಯವಾದ ನೆಲದಲ್ಲಿ ಹತ್ತು ಅಡಿ ಹೋಗಲಿ. ಹೊತ್ತು ಹಿಡಿಯುತ್ತದೆ, ನೋಡಲು ನಿಮಗೆ ಸಂಕಟವಾಗುತ್ತದೆ. ಆದರೂ ಹಿಂದಿನಿಂದ ತಳ್ಳಬೇಡಿ, ಅವನು ಕೇಳುವ ತನಕ ಕಾಯಿರಿ. ತಲೆನೋವು, ಬೆವರಿನ ವಿಷಯ ಹೇಳಿದೆನಲ್ಲ, ಅದು ನಿಮ್ಮ ಮಗನಿಗೆ ಪೂರ್ತಿ ಅನ್ವಯಿಸುತ್ತದೆ.

ಹೊನ್ನಾವರದಿಂದ ಬಂದ ಒಬ್ಬರು ಸ್ಟ್ಯಾಂಡಿಂಗ್ ಫ್ರೇಮ್ ತಂದರೆ ಇದೆಲ್ಲ ಬೇಕಾಗುವುದಿಲ್ಲವೇ ಎಂದು ಕೇಳಿದರು.

ಫ್ರೇಮಿನಲ್ಲಿ ಕಟ್ಟಿ ನಿಲ್ಲಿಸಿದರೆ ಕಾಲಿನ ಸ್ನಾಯುವಿಗೆ ಎಳೆತ ಸಿಗುತ್ತದೆ, ಮನಸ್ಸಿಗೂ ಹಿತ. ಆದರೆ ಪಟ್ಟಿಯ ಆಸರೆಯಲ್ಲಿ ನಿಂತ ಮೈ ತಾನಾಗಿ ಹೆಚ್ಚು ಕೆಲಸ ಮಾಡುವುದಿಲ್ಲ, ನಿಂತಾಗಲೂ ಕೈಗೆ ಕೆಲಸ ಬೇಕು. ಬಿದ್ದು ಒಂದೆರಡು ವರ್ಷ ಕಳೆದವರ ಕಾಲಿನ ಮೂಳೆ ಟೊಳ್ಳಾಗಿರುತ್ತದೆ, ಮೊಣಕಾಲಿನ ಹತ್ತಿರ ಸಣ್ಣ ತಿರುಚಿಗೂ ಮುರಿಯಬಹುದು. ವೈದ್ಯರನ್ನು ಕೇಳದೆ ಮನೆಯಲ್ಲೇ ನಿಲ್ಲಿಸಲು ಹೋಗಬೇಡಿ.

ಕೊನೆಗೆ ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು: ಜಗಲಿಯಿಂದ ಅಂಗಳಕ್ಕೆ ಇಳಿಯಲು ರ‍್ಯಾಂಪ್ ಬೇಕು, ಬಡವರು, ಖರ್ಚು ಯಾರು ಕೊಡುತ್ತಾರೆ?

ಗ್ರಾಮ ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನೀವೆಲ್ಲ ವಿಆರ್‌ಡಬ್ಲ್ಯು ಎನ್ನುವವರು, ಇರುತ್ತಾರೆ. ಅವರ ಮೂಲಕ ಅರ್ಜಿ ಕೊಡಿ, ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿಯ) ಪ್ರತಿ ಲಗತ್ತಿಸಿ, ಗ್ರಾಮಸಭೆಯಲ್ಲೂ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. "ರ‍್ಯಾಂಪ್ ಬೇಕು" ಎಂದಷ್ಟೇ ಬರೆಯಬೇಡಿ, ಅಳತೆ ಬರೆಯಿರಿ. ಜಗಲಿ 2 ಅಡಿ ಎತ್ತರವಿದ್ದರೆ 24 ಅಡಿ ಉದ್ದ, ಜಾಗ ಇಲ್ಲದಿದ್ದರೆ ಗೋಡೆಗುಂಟ ತಿರುಗಿಸಿ. 3 ಅಡಿ ಅಗಲ, ತಿರುವಿನಲ್ಲಿ ಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ, ಎರಡೂ ಕಡೆ ಹಿಡಿಕೆ. ಮೇಲ್ಮೈ ನಯ ಮಾಡಿಸಬೇಡಿ, ಪೊರಕೆಯ ಗೀರು ಹಾಕಿಸಿ, ಮಳೆಗಾಲದಲ್ಲೂ ಗಾಲಿಗೆ ಹಿಡಿತ ಸಿಗುತ್ತದೆ. ಅಳತೆ ಬರೆಯದಿದ್ದರೆ ಆರಡಿಯ ಕಡಿದಾದ ಇಳಿಜಾರು ಕಟ್ಟಿ ಬಿಲ್ ಮಾಡಿಕೊಂಡು ಹೋಗುತ್ತಾರೆ, ಅದರ ಮೇಲೆ ಯಾರೂ ತಾವಾಗಿ ಹತ್ತಲು ಆಗುವುದಿಲ್ಲ.